ಜ್ವರದ ಬ್ರೆಡ್ಡು, ಭಾನುವಾರದ ಬ್ರೆಡ್ಡು

ನಾವು ಚಿಕ್ಕವರಿದ್ದಾಗ ಮನೆಗೆ ಬ್ರೆಡ್ಡು ಬರುತ್ತಿದ್ದದ್ದು ಯಾರಿಗಾದರೂ ಜ್ವರ ಬಂದರೆ ಮಾತ್ರ. ಸಂಜೆ ಅಪ್ಪ ಅಯ್ಯಂಗಾರ್ ಬೇಕರಿಯಿಂದ ಒಂದು ಸಣ್ಣ ಬ್ರೆಡ್ಡು ತರುತ್ತಿದ್ದರು. ಅಮ್ಮ ಬಿಸಿ ಹಾಲಿಗೆ ಸಕ್ಕರೆ ಹಾಕಿ, ಅದರಲ್ಲಿ ಅದ್ದಿ ಅದ್ದಿ ತಿನ್ನಿಸುತ್ತಿದ್ದಳು. ಹುಷಾರಾಗಿದ್ದವರಿಗೆ ಸಿಗುತ್ತಿದ್ದದ್ದು ಎರಡು ತುದಿಯ ಕಂದು ಹೋಳುಗಳು. ಇವತ್ತು ನನ್ನ ಮನೆಯಲ್ಲಿ ಆ ತುದಿಯ ಹೋಳಿಗೇ ಪೈಪೋಟಿ. ಭಾನುವಾರ ಓವನ್ ಬಾಗಿಲು ತೆಗೆಯುವ ಹೊತ್ತಿಗೆ ಮಕ್ಕಳಿಬ್ಬರೂ ತಟ್ಟೆ ಹಿಡಿದು ನಿಂತಿರುತ್ತಾರೆ.

ಮನೆಯಲ್ಲಿ ಬ್ರೆಡ್ಡು ಮಾಡುವುದು ನಮ್ಮದಲ್ಲದ ವಿದ್ಯೆ ಎಂದು ನಾನು ಬಹಳ ಕಾಲ ತಿಳಿದಿದ್ದೆ. ಆ ತಪ್ಪು ತಿಳಿವಳಿಕೆ ಬಿಡಿಸಿದವರು ನಮ್ಮತ್ತೆ. ಅರ್ಧ ಕಿಲೋ ಮೈದಾ, 7 ಗ್ರಾಂ ಇನ್‌ಸ್ಟಂಟ್ ಯೀಸ್ಟ್, 10 ಗ್ರಾಂ ಉಪ್ಪು, ಎರಡು ಚಮಚ ಸಕ್ಕರೆ, 300 ಮಿಲಿಲೀಟರ್ ಉಗುರು ಬೆಚ್ಚಗಿನ ಹಾಲು, ಕೊನೆಯಲ್ಲಿ 30 ಗ್ರಾಂ ಬೆಣ್ಣೆ. ಇಷ್ಟನ್ನು ಕಲಸಿ, ಚಪಾತಿ ಹಿಟ್ಟಿಗೆ ನಾದುವಷ್ಟು ನಾದಿ ಕೈ ತೊಳೆಯಲು ಹೊರಟಿದ್ದೆ. ಅತ್ತೆ ಹಿಟ್ಟನ್ನು ಬೆರಳಿನಿಂದ ಎಳೆದು ನೋಡಿ, "ಬೇಗ ಬಿಟ್ಟುಬಿಟ್ಟೆ ಕಣೇ. ಹೋಳಿಗೆ ಕಣಕವನ್ನ ಇಷ್ಟಕ್ಕೇ ನಿಲ್ಲಿಸ್ತೀವಾ?" ಅಂದರು.

ಅವರ ಮಾತು ಅಕ್ಷರಶಃ ನಿಜ. ಕಣಕವನ್ನು ನಾದಿ ನಾದಿ, ಎಳೆದರೆ ಹರಿಯದೆ ತೆಳ್ಳಗೆ ಹಿಗ್ಗುವಂತೆ ಮಾಡುತ್ತೇವಲ್ಲ, ಅಲ್ಲಿ ಕೆಲಸ ಮಾಡುವುದು ಗೋಧಿಯಲ್ಲಿರುವ ಗ್ಲೂಟೆನ್. ಬ್ರೆಡ್ಡಿಗೆ ಬೇಕಾದದ್ದೂ ಅದೇ. ಹತ್ತು ಹನ್ನೆರಡು ನಿಮಿಷ ಬಿಡದೆ ನಾದಬೇಕು. ಮೊದಲು ಹಿಟ್ಟು ಕೈಗೆಲ್ಲ ಅಂಟುತ್ತದೆ. ಆಗ ಒಣ ಹಿಟ್ಟು ಉದುರಿಸುವ ಆಸೆಯನ್ನು ತಡೆದುಕೊಳ್ಳಬೇಕು. ಆರೇಳು ನಿಮಿಷಕ್ಕೆ ಅಂಟು ಬಿಡುತ್ತದೆ, ಮೈ ನುಣುಪಾಗುತ್ತದೆ. ನಿಂಬೆಹಣ್ಣಿನಷ್ಟು ಹಿಟ್ಟನ್ನು ಎರಡೂ ಕೈಯಲ್ಲಿ ಹಿಗ್ಗಿಸಿ ಬೆಳಕಿಗೆ ಹಿಡಿದಾಗ, ಹರಿಯದೆ ಆಚೆಯ ಬೆಳಕು ಕಂಡರೆ ಹದ ಬಂತು. ನಲವತ್ತು ವರ್ಷ ಯುಗಾದಿಗೆ ಹೋಳಿಗೆ ತಟ್ಟಿದ ಕೈಗೆ ಈ ಹದವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಈಗ ನಮ್ಮಲ್ಲಿ ನಾದುವ ಕೆಲಸ ಅತ್ತೆಯದೇ.

ಮುಂದಿನದು ಯೀಸ್ಟಿನ ಕೆಲಸ. ಇದು ಒಂದೇ ಕೋಶದ ಶಿಲೀಂಧ್ರ. ಸ್ಯಾಕರೋಮೈಸಿಸ್ ಸೆರೆವಿಸಿಯೆ ಎಂದು ಶಾಸ್ತ್ರೀಯ ಹೆಸರು. ಸಕ್ಕರೆ ತಿಂದು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಗ್ಲೂಟೆನ್ನಿನ ಬಲೆ ಆ ಗಾಳಿಯನ್ನು ಹಿಡಿದಿಡುತ್ತದೆ. ಪೊಟ್ಟಣದ ಯೀಸ್ಟ್ ಇಲ್ಲದ ಕಾಲದಲ್ಲಿ ಗೋವಾದ ಪಾವ್ ಉಬ್ಬುತ್ತಿದ್ದದ್ದು ತೆಂಗಿನ ಕಳ್ಳಿನಿಂದ. ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಸಾನ್ನಾ ಹಿಟ್ಟಿಗೆ ಕಳ್ಳು ಬೆರೆಸುವ ರೂಢಿ ಇಂದಿಗೂ ಇದೆ. ಕಳ್ಳಿನಲ್ಲಿರುವುದೂ ಇಂಥದೇ ಜೀವಿಗಳು.

ಜೀವಿ ಎಂಬುದನ್ನು ಮರೆತರೆ ಕೆಟ್ಟಿತು. ಒಮ್ಮೆ ಅವಸರದಲ್ಲಿ, ಆಗಷ್ಟೇ ಒಲೆಯಿಂದ ಇಳಿಸಿದ ಹಾಲನ್ನೇ ಸುರಿದುಬಿಟ್ಟೆ. ಮೂರು ಗಂಟೆ ಕಾದರೂ ಹಿಟ್ಟು ಒಂದಂಗುಲ ಏಳಲಿಲ್ಲ. 60 ಡಿಗ್ರಿ ಶಾಖಕ್ಕೆ ಯೀಸ್ಟ್ ಸಾಯುತ್ತದೆ. 35ರಿಂದ 40 ಡಿಗ್ರಿ ಅದಕ್ಕೆ ಹಿತ. ಥರ್ಮಾಮೀಟರ್ ಬೇಡ, ಮಗುವಿಗೆ ಕುಡಿಸುವ ಹಾಲಿನಂತೆ ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟು ನೋಡಿದರೆ ಸಾಕು.

ಹಿಟ್ಟು ಎರಡರಷ್ಟಾಗಲು ಬೆಂಗಳೂರಿನ ಏಪ್ರಿಲ್‌ನಲ್ಲಿ ಮುಕ್ಕಾಲು ಗಂಟೆ ಸಾಕಾಗುತ್ತದೆ. ಧನುರ್ಮಾಸದ ಚಳಿಗೆ ಎರಡು ಗಂಟೆಯೂ ಹಿಡಿದೀತು. ಗಡಿಯಾರ ನೋಡಬೇಡಿ, ಪಾತ್ರೆ ನೋಡಿ. ದೋಸೆ ಹಿಟ್ಟು ಹುದುಗು ಬಂತೇ ಎಂದು ಮುಚ್ಚಳ ಎತ್ತಿ ನೋಡುವ ಅಭ್ಯಾಸ ನಮಗೆ ಇದ್ದದ್ದೇ. ಉಬ್ಬಿದ ಹಿಟ್ಟಿನ ಗಾಳಿ ತೆಗೆಯಲು ಗುದ್ದುವುದು ಚಿಕ್ಕವನ ಹಕ್ಕು. ಅದರಲ್ಲಿ ಮುಕ್ಕಾಲು ಪಾಲು ಅಚ್ಚಿಗೆ, ಉಳಿದದ್ದರಲ್ಲಿ ನಾಲ್ಕು ಬನ್ನು. ಇನ್ನೊಮ್ಮೆ ಉಬ್ಬಲು ಬಿಟ್ಟು 200 ಡಿಗ್ರಿಯಲ್ಲಿ ಬನ್ನು ಸುಮಾರು ಇಪ್ಪತ್ತು ನಿಮಿಷ, ಬ್ರೆಡ್ಡು ಮೂವತ್ತೈದು ನಿಮಿಷ ಬೇಯಿಸುತ್ತೇನೆ. ಬುಡಕ್ಕೆ ಬೆರಳ ಗೆಣ್ಣಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಬೆಂದಿದೆ ಎಂದರ್ಥ. ಆ ಹೊತ್ತಿಗೆ ಪರಿಮಳ ಮೆಟ್ಟಿಲಿಳಿದು ಬೀದಿಗೆ ಹೋಗಿರುತ್ತದೆ. ಆದರೂ ಒಂದು ಗಂಟೆ ಆರಲು ಬಿಡದೆ ಕೊಯ್ದರೆ ಒಳಗೆ ಅಂಟಂಟು. ಮಕ್ಕಳಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಬನ್ನು ಮಾಡುವುದೇ ಅದಕ್ಕೆ: ಬಿಸಿ ಬನ್ನು, ಬೆಣ್ಣೆ, ಮಾವನವರ ಫಿಲ್ಟರ್ ಕಾಫಿ. ವಾರದಲ್ಲಿ ಆರು ದಿನ ಆರು ಹೊತ್ತಿಗೆ ಉಣ್ಣುವ ನಾವು ಒಟ್ಟಿಗೆ ಕೂರುವುದು ಈ ತಟ್ಟೆಯ ಸುತ್ತ.

ಗೋಧಿ ಹಿಟ್ಟಿನಲ್ಲೂ ಆಗುತ್ತದೆ, ಆದರೆ ನೀರು ಹೆಚ್ಚು ಹಿಡಿಯುತ್ತದೆ, ಬ್ರೆಡ್ಡು ಭಾರವಾಗುತ್ತದೆ. ಅರ್ಧಕ್ಕರ್ಧ ಬೆರೆಸುವುದು ಒಳ್ಳೆಯದು. ರಾಗಿಯಲ್ಲಿ ಗ್ಲೂಟೆನ್ ಇಲ್ಲ, ಐದರಲ್ಲಿ ಒಂದು ಪಾಲು ಮೀರಬಾರದು. ಮನೆಯ ಬ್ರೆಡ್ಡಿಗೆ ಮೂರನೆಯ ದಿನವೇ ಬೂಷ್ಟು ಬರಬಹುದು. ಅದನ್ನು ತಡೆಯುವ ಪ್ರೊಪಿಯೋನೇಟ್‌ನಂಥ ಲವಣ ಅದರಲ್ಲಿಲ್ಲ ಎಂಬುದೇ ಕಾರಣ. ನನಗೆ ಅದೊಂದು ನೆಮ್ಮದಿ. ಬ್ರೆಡ್ಡಿಗೆ ಹಾಕುತ್ತಿದ್ದ ಪೊಟ್ಯಾಸಿಯಂ ಬ್ರೋಮೇಟನ್ನು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ನಿಷೇಧಿಸಿದ್ದು 2016ರಲ್ಲಿ. ನಮ್ಮ ಹಿಟ್ಟಿಗೆ ಏನು ಬಿತ್ತೆಂದು ಮನೆಯ ಮಕ್ಕಳೂ ಹೇಳಬಲ್ಲರು.

ಕ್ರಮವಾಗಿ ಕಲಿಯುವ ಮನಸ್ಸಿದ್ದವರಿಗೆ ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದ ಬೇಕರಿ ತರಬೇತಿ ಘಟಕವಿದೆ. ಅದಕ್ಕೂ ಮೊದಲು ಬರುವ ಭಾನುವಾರ ಅರ್ಧ ಕಿಲೋ ಮೈದಾದಲ್ಲಿ ಒಮ್ಮೆ ಮಾಡಿ ನೋಡಿ. ನಾದಲು ಮನೆಯ ಹಿರಿಯರನ್ನು ಕರೆಯಿರಿ. ಯೀಸ್ಟ್ ಕೊಳ್ಳುವಾಗ ಪೊಟ್ಟಣದ ಮೇಲಿನ ತಾರೀಖು ನೋಡಿಕೊಳ್ಳುವುದನ್ನು ಮರೆಯಬೇಡಿ.