ಹಳೆಯ ಕಾರಿಗೆ ಮೊದಲು ಬ್ರೇಕ್, ಆಮೇಲೆ ವೇಗ

ಉದ್ದ ಮೂತಿಯ ಕಾಂಟೆಸಾ ಕಾರನ್ನು ನೀವು ನೋಡಿರಬಹುದು. ಅಮೆರಿಕದ ‘ಮಸಲ್ ಕಾರು’ಗಳನ್ನು ನೆನಪಿಸುವ ಇದನ್ನು ಹಿಂದೂಸ್ತಾನ್ ಮೋಟಾರ್ಸ್ 1984ರಿಂದ 2002ರವರೆಗೆ ತಯಾರಿಸಿತು. ಮೈ ದೊಡ್ಡದಾದರೂ ಮೊದಮೊದಲು ಇದರಲ್ಲಿದ್ದುದು ಅಂಬಾಸಿಡರ್‌ನ 1.5 ಲೀಟರ್ ಎಂಜಿನ್; ಮುಂದೆ ಇಸುಝು 1.8 ಲೀಟರ್ ಎಂಜಿನ್ ಬಂತು.

ಇಂಥ ಹಳೆಯ ಕಾರನ್ನು ಮತ್ತೆ ರಸ್ತೆಗಿಳಿಸುವಾಗ ಮೊದಲು ಎಂಜಿನ್ನಿಗೇ ಕೈ ಹಾಕಬೇಕೆ? ಲೆಕ್ಕ ಹಾಕಿ ನೋಡಿ. ವೇಗ ಎರಡು ಪಟ್ಟಾದರೆ ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಬ್ರೇಕ್ ಒತ್ತಿದ ಮೇಲೆ 9 ಮೀಟರಿನಲ್ಲಿ ನಿಲ್ಲುವ ಕಾರಿಗೆ, 80 ಕಿ.ಮೀ. ವೇಗದಲ್ಲಿ 36 ಮೀಟರ್ ಬೇಕು. ಗಂಗಾವತಿ ರಸ್ತೆಯಲ್ಲಿ ಭತ್ತದ ಟ್ರ್ಯಾಕ್ಟರ್, ಯಲಬುರ್ಗಾ ರಸ್ತೆಯಲ್ಲಿ ಕುರಿಹಿಂಡು ಅಡ್ಡ ಬಂದರೆ ಆ 27 ಮೀಟರೇ ಜೀವದ ಪ್ರಶ್ನೆ. ಆದ್ದರಿಂದ ಬ್ರೇಕ್, ಸ್ಟಿಯರಿಂಗ್, ಸಸ್ಪೆನ್ಷನ್, ಟಯರು ಮೊದಲು, ಎಂಜಿನ್ ಕೊನೆಗೆ. ಬೇರೆ ಎಂಜಿನ್ ಕೂಡಿಸುವ ಮುನ್ನ, 1988ರ ಮೋಟಾರು ವಾಹನ ಕಾಯ್ದೆಯಂತೆ ಆರ್.ಟಿ.ಓ. ಒಪ್ಪಿಗೆಯೂ ಬೇಕು.

ಆಟೋಕ್ರಾಸ್ ಎಂಬ ಸ್ಪರ್ಧೆಯಿದೆ. ಬಯಲಿನಲ್ಲಿ ಕೋನ್‌ಗಳನ್ನಿಟ್ಟು, ಒಂದೊಂದೇ ಕಾರನ್ನು ಓಡಿಸಿ, ತೆಗೆದುಕೊಂಡ ಸಮಯವನ್ನು ಅಳೆಯುತ್ತಾರೆ. ಅಲ್ಲಿಯೂ ಬರೀ ಎಂಜಿನ್ ಬಲ ಸಾಲದು. ತಿರುವಿನಲ್ಲಿ ನೆಲ ಬಿಡದ ಕಾರು ಬೇಕು. ವೇಗದ ಆಸೆಗೆ ಅಂಥ ಬಯಲೇ ತಕ್ಕ ಜಾಗ, ಕುಷ್ಟಗಿಯ ಹೆದ್ದಾರಿಯಲ್ಲ.