ಫಿಲ್ಟರಾ, ಗಿಡಗಳಾ? ಮೀನಿನ ತೊಟ್ಟಿಯ ನೀರಿನ ಲೆಕ್ಕ

ಹೊಸ ಅಕ್ವೇರಿಯಂ ತಂದು ಎರಡು ವಾರ ಆಗಿರಲ್ಲ, ಮೀನು ಒಂದೊಂದಾಗಿ ಸಾಯೋಕೆ ಶುರು. ನೀರು ಮಾತ್ರ ಸ್ವಚ್ಛವಾಗೇ ಕಾಣುತ್ತೆ. "ಅಂಗಡಿಯವನು ಕೆಟ್ಟ ಮೀನು ಕೊಟ್ಟ" ಅಂತೀವಿ. ಆದರೆ ಬಹಳಷ್ಟು ಸಲ ಕಾರಣ ಕಣ್ಣಿಗೆ ಕಾಣದ ಅಮೋನಿಯಾ.

ಇದನ್ನ ಜಮಾ-ಖರ್ಚಿನ ಹಾಗೆ ನೋಡಿ. ನಾನು ಕಾಮರ್ಸ್ ಓದಿದವನು, ನನಗೆ ಹಾಗೇ ಸುಲಭ. ಮೀನಿನ ಕಿವಿರು, ಹಿಕ್ಕೆ, ತಿಂದು ಉಳಿದ ಆಹಾರ, ಇವುಗಳಿಂದ ದಿನಾ ಅಮೋನಿಯಾ ಜಮಾ ಆಗುತ್ತೆ. ಅದನ್ನ ಖರ್ಚು ಮಾಡೋರು ಯಾರು? ವಾದ ಇರೋದು ಇಲ್ಲೇ.

ಮೊದಲ ಪಕ್ಷ ಫಿಲ್ಟರ್‌ನವರದು. ಫಿಲ್ಟರ್ ಸ್ಪಂಜಿನಲ್ಲಿ ಬೆಳೆಯೋ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ. ಬೇರೆ ಬ್ಯಾಕ್ಟೀರಿಯಾ ಅದನ್ನು ಅಷ್ಟು ಅಪಾಯವಿಲ್ಲದ ನೈಟ್ರೇಟ್ ಮಾಡುತ್ತವೆ. ಇವು ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಉಳಿದ ನೈಟ್ರೇಟ್ ತೆಗೆಯಲು ಆಗಾಗ ಸ್ವಲ್ಪ ನೀರು ಬದಲಿಸಬೇಕು.

ಎರಡನೇ ಪಕ್ಷ ಗಿಡದವರದು. ಅಮೆರಿಕದ ಡಯಾನಾ ವಾಲ್‌ಸ್ಟಾಡ್ 1999ರಲ್ಲಿ ಪುಸ್ತಕ ಬರೆದು ಈ ದಾರಿಯನ್ನು ಜನಪ್ರಿಯ ಮಾಡಿದರು. ಕೆಳಗೆ ಮಣ್ಣು, ಮೇಲೆ ಸಣ್ಣ ಜಲ್ಲಿ, ತುಂಬಾ ಗಿಡ. ಗಿಡಗಳು ಅಮೋನಿಯಾವನ್ನೇ ಗೊಬ್ಬರವಾಗಿ ಹೀರಿಕೊಳ್ಳುತ್ತವೆ. ನೀರು ಬದಲಿಸೋ ಕೆಲಸ ಕಡಿಮೆ.

ಯಾವುದು ಸರಿ? ಎರಡಕ್ಕೂ ಮಿತಿ ಇದೆ. ಕರೆಂಟ್ ಹೋಗಿ ಫಿಲ್ಟರ್ ಗಂಟೆಗಟ್ಟಲೆ ನಿಂತರೆ ಬ್ಯಾಕ್ಟೀರಿಯಾಕ್ಕೆ ಆಮ್ಲಜನಕ ಸಿಗಲ್ಲ. ಗಿಡಗಳೋ, ರಾತ್ರಿ ಆಮ್ಲಜನಕ ಬಿಡೋದಿಲ್ಲ, ತಾವೇ ಬಳಸುತ್ತವೆ; ನಾಲ್ಕು ಗಿಡ ನೆಟ್ಟು ಇಪ್ಪತ್ತು ಮೀನು ಬಿಟ್ಟರೆ ಲೆಕ್ಕ ತಪ್ಪುತ್ತೆ.

ಇನ್ನು ನೀರು. ನಲ್ಲಿ ನೀರಿನ ಕ್ಲೋರಿನ್ ಮೀನಿಗೂ ಬ್ಯಾಕ್ಟೀರಿಯಾಕ್ಕೂ ಕಂಟಕ. ಬಕೆಟ್‌ನಲ್ಲಿ ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹೋಗುತ್ತೆ, ಆದರೆ ಕ್ಲೋರಮಿನ್ ಸುಲಭಕ್ಕೆ ಹೋಗಲ್ಲ. ಅದಕ್ಕೆ ಔಷಧಿ ಬೇಕು. ಬೋರ್‌ವೆಲ್ ನೀರಿಗೆ ಕ್ಲೋರಿನ್ ಹಾಕಿರದೇ ಇರಬಹುದು, ಆದರೆ ಪಿಎಚ್ ಜಾಸ್ತಿ ಇದ್ದರೆ ಅದೇ ಪ್ರಮಾಣದ ಅಮೋನಿಯಾ ಇನ್ನಷ್ಟು ವಿಷವಾಗುತ್ತೆ.

ಹೊಸಬರಿಗೆ ನನ್ನ ಸಲಹೆ: ಎರಡನ್ನೂ ಸೇರಿಸಿ. ಒಂದು ಸ್ಪಂಜ್ ಫಿಲ್ಟರ್, ಜೊತೆಗೆ ಹೈಡ್ರಿಲ್ಲಾದಂಥ ಬೇಗ ಬೆಳೆಯೋ ಗಿಡ. ಸ್ಪಂಜನ್ನು ನಲ್ಲಿ ಕೆಳಗೆ ತಿಕ್ಕಬೇಡಿ, ತೊಟ್ಟಿಯಿಂದ ತೆಗೆದ ನೀರಲ್ಲೇ ಹಿಂಡಿ. ಎಲ್ಲಾ ನೀರನ್ನೂ ಒಟ್ಟಿಗೆ ಚೆಲ್ಲಬೇಡಿ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸೋವರೆಗೂ ಹೊಸ ಮೀನು ಬೇಡ. ಯಾವ ಪಕ್ಷದವರಾದ್ರೂ ಈ ಕಾಯುವಿಕೆ ತಪ್ಪಿದ್ದಲ್ಲ. ಮುಂದಿನ ಸಂಚಿಕೆಯಲ್ಲಿ ಸಿಗೋಣ.