ಬಾಗುವ ಹನಿ, ಮಿಡಿಯುವ ಹೃದಯ

ಈರುಳ್ಳಿಯ ತೆಳುಪೊರೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ್ದೀರಾ? ಮೊದಲು ಎಲ್ಲವೂ ಮಬ್ಬು. ಪಕ್ಕದ ತಿರುಪನ್ನು ಮೆಲ್ಲಗೆ ತಿರುಗಿಸಿದರೆ ಇಟ್ಟಿಗೆ ಗೋಡೆಯಂತೆ ಜೋಡಿಸಿದ ಜೀವಕೋಶಗಳು ಕಾಣುತ್ತವೆ. ಇನ್ನೂ ಸ್ವಲ್ಪ ತಿರುಗಿಸಿದರೆ ಮತ್ತೆ ಮಬ್ಬು! ಸೂಕ್ಷ್ಮದರ್ಶಕಕ್ಕೆ ಒಂದು ಸಲಕ್ಕೆ ಒಂದು ತೆಳು ಪದರವಷ್ಟೇ ಸ್ಪಷ್ಟವಾಗಿ ಕಾಣುವುದು. ಇನ್ನಷ್ಟು ಆಳದ ಪದರ ಬೇಕೆಂದರೆ ಮಸೂರವನ್ನೋ ಗಾಜಿನ ಪಟ್ಟಿಯನ್ನೋ ಮೇಲೆ ಕೆಳಗೆ ಸರಿಸಬೇಕು.

ಈರುಳ್ಳಿಗೇನು, ಎಷ್ಟು ಹೊತ್ತಾದರೂ ಕಾಯುತ್ತದೆ. ನೋಡಬೇಕಾದದ್ದು ಮಿಡಿಯುವ ಹೃದಯವಾದರೆ?

ಗಂಗಾ, ಬ್ರಹ್ಮಪುತ್ರಾ ಬಯಲಿನ ಹಳ್ಳ, ಗದ್ದೆಗಳಲ್ಲಿ ಜೀಬ್ರಾ ಮೀನು ಎಂಬ ಪುಟ್ಟ ಪಟ್ಟೆಮೀನಿದೆ. ಇದರ ಮರಿಯ ಮೈ ಗಾಜಿನಂತೆ ತಿಳಿ. ಹೊರಗಿನಿಂದಲೇ ಹೃದಯ ಕಾಣುತ್ತದೆ. ಅದು ಸೆಕೆಂಡಿಗೆ ಎರಡು ಮೂರು ಸಲ ಬಡಿಯುತ್ತದೆ. ಬೆಳೆದ ಮೀನಿನ ಹೃದಯದ ಕೆಳಕೋಣೆಯಲ್ಲಿ ಐದನೇ ಒಂದು ಭಾಗ ಕತ್ತರಿಸಿದರೂ ಸುಮಾರು ಎರಡು ತಿಂಗಳಲ್ಲಿ ಅದು ಮತ್ತೆ ಬೆಳೆಯುತ್ತದೆ ಎಂದು 2002ರಲ್ಲಿ ವಿಜ್ಞಾನಿಗಳು ತೋರಿಸಿದರು. ನಮ್ಮ ಹೃದಯಕ್ಕೆ ಆ ಶಕ್ತಿಯಿಲ್ಲ. ಹಾಗಾಗಿಯೇ ಈ ಮೀನಿನ ಮೇಲೆ ಎಲ್ಲರ ಕಣ್ಣು. ಆದರೆ ಭಾರದ ಮಸೂರ ಅಷ್ಟು ಬೇಗ ಹತ್ತಿ ಇಳಿಯಲಾರದು. ಓಡಿಸಿದರೂ ನಡುಕ ಹುಟ್ಟಿ ಚಿತ್ರ ಕೆಡುತ್ತದೆ.

ಉಪಾಯ ನಿಮ್ಮ ಕಣ್ಣಿನಲ್ಲೇ ಇದೆ. ಬೆರಳನ್ನು ನೋಡಿ, ಆಮೇಲೆ ದೂರದ ಮರ ನೋಡಿ. ಕಣ್ಣಿನ ಮಸೂರ ಹಿಂದೆ ಮುಂದೆ ಸರಿಯಲಿಲ್ಲ. ಹತ್ತಿರಕ್ಕೆ ಉಬ್ಬಿತು, ದೂರಕ್ಕೆ ಚಪ್ಪಟೆಯಾಯಿತು, ಅಷ್ಟೇ.

ಹೀಗೆ ಆಕಾರ ಬದಲಿಸುವ ಮಸೂರವನ್ನು ದ್ರವದಿಂದ ಮಾಡಬಹುದಲ್ಲ! ವಿದ್ಯುತ್ತಿನಿಂದ ಪಾದರಸದ ಮೇಲ್ಮೈ ಬದಲಾಗುವುದನ್ನು ಫ್ರಾನ್ಸಿನ ಗೇಬ್ರಿಯಲ್ ಲಿಪ್‌ಮನ್ 1875ರಲ್ಲೇ ವಿವರಿಸಿದ್ದರು. ಅದೇ ದೇಶದ ಬ್ರೂನೋ ಬೆರ್ಜ್ ಅವರು ನೀರು ಮತ್ತು ಎಣ್ಣೆಯನ್ನು ಬಳಸಿ ಮಾಡಿದ ಮಸೂರದ ವಿವರ 2000ರಲ್ಲಿ ಪ್ರಕಟವಾಯಿತು. ಎಣ್ಣೆ, ನೀರು ಬೆರೆಯುವುದಿಲ್ಲ. ಅವುಗಳ ನಡುವಿನ ಬಾಗಿದ ಗಡಿಯೇ ಇಲ್ಲಿ ಮಸೂರ. ವಿದ್ಯುತ್ ಏರಿಸಿ ಇಳಿಸಿದರೆ ಗಡಿಯ ಬಾಗು ಬದಲಾಗಿ ಫೋಕಸ್ ಸರಿಯುತ್ತದೆ. ಹಲ್ಲುಚಕ್ರವಿಲ್ಲ, ತಿರುಪಿಲ್ಲ. ಏನೂ ಅಲುಗುವುದಿಲ್ಲ ಎಂದರೆ ಸುಳ್ಳಾದೀತು. ದ್ರವದ ಮೈ ಮಾತ್ರ ಬಾಗುತ್ತದೆ.

ಹಿಗ್ಗುವ ಪೊರೆಯೊಳಗೆ ದ್ರವ ತುಂಬಿದ ಇನ್ನೊಂದು ಬಗೆಯೂ ಇದೆ. ಜರ್ಮನಿಯ ಡ್ರೆಸ್ಡೆನ್ ನಗರದ ವಿಜ್ಞಾನಿಗಳು ಇಂಥ ಮಸೂರವನ್ನು ಸೂಕ್ಷ್ಮದರ್ಶಕಕ್ಕೆ ಜೋಡಿಸಿ, 2013ರಲ್ಲಿ ಜೀಬ್ರಾ ಮೀನಿನ ಮರಿಯ ಹೃದಯವನ್ನು ಪದರ ಪದರವಾಗಿ ಚಿತ್ರಿಸಿದರು. ಮೀನನ್ನೂ ಸರಿಸಲಿಲ್ಲ, ದೊಡ್ಡ ಮಸೂರವನ್ನೂ ಸರಿಸಲಿಲ್ಲ. ಹೃದಯ ತನ್ನ ಪಾಡಿಗೆ ಬಡಿಯುತ್ತಿತ್ತು.